ನೋಡಾಕ ಏನದ ಇಲ್ಲಿ?

ಅಣ್ಣನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಹದಿನೈದು ವರ್ಷದಿಂದ ಅಲ್ಲೇ ಇದ್ದಾನೆ, ಸಾಫ್ಟ್‌ವೇರ್ ಕೆಲಸ. “ಕಾಕಾ, ಮದುವಿ ಆಗಿ ಹತ್ತು ವರ್ಷ ಆತು. ಈ ಸಲ ಎಲ್ಲಾರೂ ಹೋಗೋ ಕಡಿ ಬ್ಯಾಡ ಅಂತ ಮಾಡೀವಿ. ಹಂಪಿ ಆತು, ಊಟಿ ಆತು, ಗೋವಾಕ್ಕಂತೂ ಲೆಕ್ಕ ಇಲ್ಲ. ಯಾರೂ ನೋಡಿರಬಾರದು, ಅಂಥಾದ್ದೊಂದು ಜಾಗ ಹೇಳ್ರಿ.”

“ಶಹಾಪುರಕ್ಕ ಬಾ” ಅಂದೆ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಗಂಡ ಹೆಂಡತಿ ಇಬ್ಬರೂ ನಕ್ಕಿದ್ದು ಕೇಳಿಸಿತು. ಫೋನು ಸ್ಪೀಕರಿನಲ್ಲಿತ್ತು ಅಂತ ಕಾಣುತ್ತದೆ. “ಏನ್ ಕಾಕಾ, ನಾ ಹುಟ್ಟಿದ್ದು ಸುರಪುರದಾಗ. ಅಲ್ಲಿ ನೋಡಾಕ ಏನದರಿ?”

ತಿಂಗಳು ಕಳೆದ ಮೇಲೆ ಅವರು ಮುಂಬೈಗೆ ಹೋಗಿ ಹಡಗು ಹತ್ತಿದರು. ನಾಲ್ಕು ದಿನದ ಕ್ರೂಸ್. ಫೋಟೋಗಳು ವಾಟ್ಸಾಪಿಗೆ ಬಂದವು: ಹಡಗಿನ ಈಜುಕೊಳ, ಹಡಗಿನ ಊಟದ ಮೇಜು, ಕಟಾಂಜನ ಹಿಡಿದು ಸಮುದ್ರ ನೋಡುತ್ತಿರುವ ಅವನ ಬೆನ್ನು. ಕೆಲಸವಿಲ್ಲದವನ ಹಾಗೆ ಎಣಿಸಿದೆ, ಒಟ್ಟು ಐವತ್ತೆರಡು. ನಲವತ್ತರಲ್ಲಿ ಹಡಗಿತ್ತು, ಹನ್ನೆರಡರಲ್ಲಿ ನೀರಿತ್ತು. ಅವರು ಹೋಗಿದ್ದು ಎಲ್ಲಿಗೆ ಅನ್ನುವುದಕ್ಕೆ ಸಾಕ್ಷಿ ಒಂದರಲ್ಲೂ ಸಿಗಲಿಲ್ಲ.

ಹಡಗಿನ ಮೇಲೆ ನನಗೆ ಸಿಟ್ಟಿಲ್ಲ. ಅವರು ದುಡಿದ ದುಡ್ಡು, ಅವರ ಸುಖ. ನನ್ನ ತಕರಾರು ಇರುವುದು ಆ ನಗುವಿನ ಮೇಲೆ.

ಆ ನಗು ಅವನೊಬ್ಬನದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಶಹಾಪುರ, ಸುರಪುರ ಎರಡೂ ಸೇರಿದ ನಮ್ಮ ಜಿಲ್ಲೆಯ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಇಲ್ಲಿ ಏನೇನು ನೋಡಬಹುದು ಅಂತ ಕೇಳಿ ನೋಡಿ. ಆಟೋದವನು ನಿಮ್ಮನ್ನೇ ಮೇಲೆ ಕೆಳಗೆ ನೋಡುತ್ತಾನೆ. ಚಹಾದಂಗಡಿಯವನು ಹಂಪಿಗೆ ಯಾವ ಗಾಡಿ ಅಂತ ಹೇಳುತ್ತಾನೆ. ವರ್ಗವಾಗಿ ಬಂದ ನೌಕರ ಬಂದ ದಿನದಿಂದಲೇ ವಾಪಸ್ ಹೋಗುವ ದಾರಿ ಹುಡುಕುತ್ತಿರುತ್ತಾನೆ. ನಮ್ಮ ಕಡೆಯ ವರ್ಗಾವಣೆಗೆ ‘ಪನಿಶ್ಮೆಂಟ್’ ಅಂತಲೇ ಹೆಸರು. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ದೇಶದ ಮಟ್ಟದಲ್ಲಿ ಈ ಹೆಸರು ಓದಿಸಿಕೊಂಡ ಪಟ್ಟಿ ಅಂದರೆ 2018ರಲ್ಲಿ ನೀತಿ ಆಯೋಗ ಮಾಡಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳದು. ಹಿಂದುಳಿದವರು ಅನ್ನುವುದಕ್ಕೆ ಮರ್ಯಾದೆಯ ಮಾತು ಅದು. ಪ್ರವಾಸದ ಪಟ್ಟಿಗಳಲ್ಲಿ ನಾವು ಇಲ್ಲ. ಇಲ್ಲದಿರುವುದಕ್ಕೆ ಕಾರಣ ಕೇಳಿದರೆ ಸಿಗುವ ಉತ್ತರವೂ ಅದೇ: ನೋಡಾಕ ಏನೂ ಇಲ್ಲ.

ಪಟ್ಟಿ ಮಾಡುವವರ ಅನುಕೂಲದಿಂದ ಹುಟ್ಟಿದ ಈ ಮಾತನ್ನು ನಾವು ನಮ್ಮ ಊರಿನ ವರ್ಣನೆ ಅಂತ ನಂಬಿಕೊಂಡು ಕೂತಿದ್ದೇವೆ. ಇದು ಶುದ್ಧ ಸುಳ್ಳು ಅನ್ನುವುದೇ ನನ್ನ ವಾದ.

ಹಡಗಿನ ಪ್ರವಾಸವನ್ನೇ ತಗೊಳ್ಳಿ. ಅದರ ಮೊದಲ ಕಾನೂನು, ಹಡಗು ಯಾರಿಗೂ ಕಾಯುವುದಿಲ್ಲ. ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಕ್ರೂಸ್ ಹಡಗು ಬಂದಾಗಲೆಲ್ಲ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಬೆಳಿಗ್ಗೆ ಇಳಿದವರನ್ನು ಬಸ್ಸಿಗೆ ಹತ್ತಿಸಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಒಂದು ಗೇರುಬೀಜದ ಕಾರ್ಖಾನೆ ತೋರಿಸುತ್ತಾರೆ. ಸಂಜೆ ಹಡಗು ಹೊರಡುತ್ತದೆ. ಅವರ ಡೈರಿಯಲ್ಲಿ ಕರ್ನಾಟಕ ಮುಗಿಯಿತು. ಬಂದರಿನಿಂದ ಹೋಗಿ ಬರಲು ಎಷ್ಟು ತಾಸು ಹಿಡಿಯುತ್ತದೆ ಅನ್ನುವುದೇ ಆ ಪಟ್ಟಿಯ ಅಳತೆಗೋಲು. ಆ ಜಾಗಗಳು ಚೆನ್ನಾಗಿಲ್ಲ ಅಂತಲ್ಲ. ಆ ದಿನ ಅವು ಆಯ್ಕೆಯಾದದ್ದು ಚೆನ್ನಾಗಿವೆ ಅಂತಲೂ ಅಲ್ಲ, ಹತ್ತಿರ ಇವೆ ಅಂತ.

ಹಡಗಿನವರಿಗೆ ಇದು ಅನಿವಾರ್ಯ, ಒಪ್ಪೋಣ. ನೆಲದ ಮೇಲೆ ನಡೆಯುವ ನಮಗೇನಾಗಿದೆ? ‘ಮೂರು ಹಗಲು ಎರಡು ರಾತ್ರಿ’, ‘ಐದು ಹಗಲು ನಾಲ್ಕು ರಾತ್ರಿ’ ಅಂತ ಪ್ಯಾಕೇಜು ಮಾರುವವರು ಅದೇ ಕಾನೂನನ್ನು ಬಸ್ಸಿಗೂ ಕಾರಿಗೂ ಹಚ್ಚಿದರು. ಒಂದೂವರೆ ತಾಸಿನಲ್ಲಿ ಮುಗಿಯದ ಜಾಗ ಅವರ ಲೆಕ್ಕದಲ್ಲಿ ಜಾಗವೇ ಅಲ್ಲ.

ರಾಜ್ಯ ಸರ್ಕಾರದ ಹೆಮ್ಮೆಯ ಐಷಾರಾಮಿ ರೈಲು ಗೋಲ್ಡನ್ ಚಾರಿಯಟ್ 2008ರಲ್ಲಿ ಓಡಾಟ ಶುರು ಮಾಡಿತು. ನೇರಳೆ ಬಣ್ಣ, ಚಿನ್ನದ ಗೆರೆ, ಗಾಲಿ ಕಟ್ಟಿದ ಕ್ರೂಸ್ ಹಡಗೇ ಅನ್ನಿ. ಅದರ ಬೋಗಿಗಳಿಗೆ ಕರ್ನಾಟಕವನ್ನಾಳಿದ ರಾಜಮನೆತನಗಳ ಹೆಸರಿಟ್ಟರು: ಕದಂಬ, ಹೊಯ್ಸಳ, ಗಂಗ, ಚಾಲುಕ್ಯ, ಅವರ ಜೊತೆ ಶಾತವಾಹನ, ರಾಷ್ಟ್ರಕೂಟ, ಬಹಮನಿ. ಆಗಿನ ಹಾದಿ ಬೆಂಗಳೂರು, ಕಬಿನಿ, ಮೈಸೂರು, ಬೇಲೂರು-ಹಳೇಬೀಡು, ಹಂಪಿ, ಬಾದಾಮಿ, ಗೋವಾ. ಶಾತವಾಹನರ ಕಾಲದ ಸನ್ನತಿ ಇರುವುದು ಭೀಮಾ ದಂಡೆಯಲ್ಲಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ನೆರೆಯಲ್ಲಿ. ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ. ಹೆಸರು ನಮ್ಮಿಂದ ತಗೊಂಡರು, ರೈಲನ್ನು ಈ ಕಡೆ ತಿರುಗಿಸಲಿಲ್ಲ. ಶಾತವಾಹನ ಬೋಗಿಯಲ್ಲಿ ಮಲಗಿದ ಪ್ರವಾಸಿ ಎದ್ದು ನೋಡಿದರೆ ಗೋವಾ! ಹಳಿ ಇಲ್ಲ ಅನ್ನುವ ನೆಪಕ್ಕೂ ಇಲ್ಲಿ ಜಾಗವಿಲ್ಲ. ಮುಂಬೈಯಿಂದ ಬಂದ ಹಳಿ ಮದ್ರಾಸಿನಿಂದ ಬಂದ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಯಾದಗಿರಿ ಅಂದಿನಿಂದಲೂ ಆ ದೊಡ್ಡ ದಾರಿಯ ಮೇಲೇ ಇದೆ. ಒಂದೂವರೆ ಶತಮಾನದಿಂದ ಇಡೀ ದೇಶ ನಮ್ಮ ಮುಂದೆಯೇ ಹಾದುಹೋಗುತ್ತಿದೆ. ಹೆಚ್ಚಿನವರು ಬರ್ತಿನ ಮೇಲೆ ನಿದ್ದೆಯಲ್ಲಿರುತ್ತಾರೆ.

ಈಗ ಇದಕ್ಕೊಂದು ಹೊಸ ವೇಷ ಬಂದಿದೆ. ‘ಆಫ್‌ಬೀಟ್’, ‘ಹಿಡನ್ ಜೆಮ್’, ‘ಯಾರೂ ನೋಡದ ಹತ್ತು ತಾಣಗಳು’. ಹಳೇ ಪಟ್ಟಿಗೆ ಇದು ವಿರೋಧ ಅಂತ ತಿಳಿದವರಿದ್ದಾರೆ. ನನಗೆ ಅದೇ ಪಟ್ಟಿಯ ಎರಡನೇ ಸಂಪುಟ ಅನ್ನಿಸುತ್ತದೆ. ಅಲ್ಲಿಯೂ ಅದೇ ಒಂದೂವರೆ ತಾಸು, ಅದೇ ಬೆನ್ನಿನ ಫೋಟೋ. ಫರಕು ಒಂದೇ, ‘ನಾನೂ ನೋಡಿದೆ’ ಅನ್ನುತ್ತಿದ್ದವನು ಈಗ ‘ನಾನೇ ಮೊದಲು ನೋಡಿದೆ’ ಅನ್ನುತ್ತಾನೆ. ಯಾರೂ ನೋಡದ ಜಾಗ ಅಂತೆ! ಅಲ್ಲಿ ಹುಟ್ಟಿ ಅಲ್ಲೇ ಸಾಯುವವರು ನೋಡಿದ್ದು ಲೆಕ್ಕಕ್ಕಿಲ್ಲವೇನು?

ಇರಲಿ, ವಿಭೂತಿಹಳ್ಳಿಗೆ ಹೋಗೋಣ.

ಶಹಾಪುರದ ಪಕ್ಕದಲ್ಲೇ ಇದೆ. ಪುರಾತತ್ವ ಇಲಾಖೆಯ ನೀಲಿ ಬೋರ್ಡು ಉಂಟು. ಬೋರ್ಡಿನ ಆಚೆ ಒಂದು ಬಯಲು, ಬಯಲಿನ ತುಂಬ ಗುಂಡುಕಲ್ಲು. ಬಸ್ಸಿನಲ್ಲಿ ಹೋಗುವವನಿಗೆ ಗುಡ್ಡದಿಂದ ಉರುಳಿ ಬಿದ್ದ ಕಲ್ಲುಗಳ ಹಾಗೆ ಕಾಣುತ್ತವೆ. ನಮ್ಮ ಕಡೆ ಕಲ್ಲಿಗೇನು ಬರ? ಇಳಿದು ಹೋದರೂ ಮೊದಲ ಐದು ನಿಮಿಷ ಹಾಗೇ. ನಾನು ಮೊದಲ ಸಲ ಹೋದಾಗ ಹತ್ತು ನಿಮಿಷಕ್ಕೆ ತಿರುಗಿ ಬಂದಿದ್ದೆ. ‘ಏನೂ ಇಲ್ಲ’ ಅಂದವರಲ್ಲಿ ನಾನೂ ಒಬ್ಬ, ಮುಚ್ಚಿಡುವುದೇಕೆ?

ಎರಡನೇ ಸಲ ಚಪ್ಪಲಿಯೊಳಗೆ ಹೊಕ್ಕ ಮುಳ್ಳು ತೆಗೆಯಲು ಒಂದು ಕಲ್ಲಿನ ಮೇಲೆ ಕೂತೆ. ತಲೆ ಎತ್ತಿದರೆ ಎದುರಿನ ಕಲ್ಲು, ಅದರ ಹಿಂದಿನ ಕಲ್ಲು, ಅದರ ಹಿಂದಿನದು, ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಎದ್ದು ಎರಡು ಹೆಜ್ಜೆ ಸರಿದೆ, ಸಾಲು ಒಡೆಯಿತು. ಇನ್ನೆರಡು ಹೆಜ್ಜೆಗೆ ಓರೆಯಾಗಿ ಮತ್ತೊಂದು ಸಾಲು ತೆರೆದುಕೊಂಡಿತು. ಹತ್ತಿ ಹೊಲದ ಬದುವಿನ ಮೇಲೆ ನಡೆಯುವವನಿಗೆ ಸಾಲುಗಳು ಮುಚ್ಚಿ ತೆರೆಯುತ್ತವಲ್ಲ, ಹಾಗೆ. ಯಾರೋ ಈ ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬಂದು, ಅಳತೆ ಹಿಡಿದು, ಓರೆಗೆ ಓರೆ ಕೂಡಿಸಿ ಇಟ್ಟಿದ್ದಾರೆ. ಬೃಹತ್ ಶಿಲಾಯುಗದ ಜನ. ಕಬ್ಬಿಣ ಕಂಡವರು, ಸತ್ತವರಿಗೆ ಕಲ್ಲಿನ ಮನೆ ಕಟ್ಟಿದವರು. ಯಾಕೆ ಇಟ್ಟರು? ಸೂರ್ಯ ಹುಟ್ಟುವ ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ನಂಟಿದೆ ಅಂತ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ವಾದಿಸಿದ್ದಾರೆ. ನಾನು ಜೂನ್ ತಿಂಗಳಲ್ಲಿ ಒಮ್ಮೆ ನಸುಕಿಗೇ ಹೋಗಿ ನಿಂತಿದ್ದೆ. ಮೋಡ ಮುಚ್ಚಿತ್ತು.

ಇಂಥದ್ದೇ ಕಲ್ಲಿನ ಸಾಲು ಫ್ರಾನ್ಸಿನ ಕಾರ್ನಾಕಿನಲ್ಲಿದೆ, 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ಕ್ರೂಸ್ ಹಡಗಿಗೆ ಬಂದವರನ್ನು ಬಸ್ಸಿನಲ್ಲಿ ಸ್ಟೋನ್‌ಹೆಂಜ್‌ಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಜನ ಟಿಕೆಟು ತಗೊಂಡು ಅದನ್ನು ನೋಡಿ ಬರುತ್ತಾರೆ. ಅಲ್ಲಿ ಕಲ್ಲು ಕಂಡರೆ ಇತಿಹಾಸ, ಇಲ್ಲಿ ಕಲ್ಲು ಕಂಡರೆ ಕಲ್ಲು.

ಈ ಎರಡನ್ನೂ ಒಂದೇ ಕಣ್ಣಿನಿಂದ ನೋಡಿದವನೊಬ್ಬ ಸುರಪುರದಲ್ಲಿದ್ದ, ಫಿಲಿಪ್ ಮೆಡೋಸ್ ಟೇಲರ್. 1841ರಲ್ಲಿ ಬಂದವನು 1853ರವರೆಗೆ ಇದ್ದ. ಅಪ್ರಾಪ್ತ ವಯಸ್ಸಿನ ರಾಜನ ಪರವಾಗಿ ಸಂಸ್ಥಾನ ನೋಡಿಕೊಳ್ಳುವುದು ಅವನ ನೌಕರಿ. ಬಿಡುವಿನಲ್ಲಿ ವಿಭೂತಿಹಳ್ಳಿಯ ಸಾಲು, ರಾಜನಕೋಳೂರಿನ ಕಲ್ಲಿನ ಗೋರಿಮನೆಗಳನ್ನು ಅಳೆದು, ಚಿತ್ರ ಬರೆದು, ಯುರೋಪಿನವುಗಳ ಜೊತೆ ಹೋಲಿಸಿ ಪ್ರಕಟಿಸಿದ. ಅವನೇನು ದೇವತೆಯಲ್ಲ, ಕಂಪನಿ ಕಾಲದ ಅಧಿಕಾರಿ. ಅವನ ಹೋಲಿಕೆಗಳಲ್ಲಿ ಎಷ್ಟೋ ಇವತ್ತು ನಿಲ್ಲುವುದಿಲ್ಲ. ಆದರೂ ಅವನಿಗೆ ಕಂಡದ್ದು ನಮಗೆ ಕಾಣದೆ ಹೋದದ್ದೇಕೆ? ಕಣ್ಣಿಗಿಂತ ಹೆಚ್ಚಾಗಿ ಅವನ ಹತ್ತಿರ ಹನ್ನೆರಡು ವರ್ಷ ಇತ್ತು.

ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಈಗಲೂ ಇದೆ. ಕೆಳಗೆ ಬಂಡೆಗಳ ಸಂದಿಯಲ್ಲಿ ಸುರಪುರ. ಕಟ್ಟಡ ನೋಡಿ ಬರುವುದು ಹತ್ತು ನಿಮಿಷದ ಕೆಲಸ, ಕಥೆ ಕೇಳಿ ಬರಬೇಕಾದರೆ ಒಂದು ಸಂಜೆ ಬೇಕು. ಟೇಲರ್ ಸಾಕಿದ ಹುಡುಗ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಅನ್ನುತ್ತಿದ್ದನಂತೆ. ಹುಡುಗನಿಗೆ ಇಪ್ಪತ್ನಾಲ್ಕು ತುಂಬುವುದಿಲ್ಲ ಅಂತ ಜಾತಕ ಬರೆದವರು ಹೇಳಿದ್ದರು, ಅವನ ತಾಯಿ ರಾಣಿ ಈಶ್ವರಮ್ಮ ಆ ಜಾತಕವನ್ನು ಟೇಲರನಿಗೆ ತೋರಿಸಿದ್ದಳು. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸಿಕ್ಕಿಬಿದ್ದ. ಸೆರೆಯಲ್ಲಿ ಟೇಲರ್ ಹೋಗಿ ಮಾತಾಡಿಸಿದ. ಶಿಕ್ಷೆಯ ಊರಿಗೆ ಸಾಗಿಸುವ ದಾರಿಯಲ್ಲಿ ಗುಂಡು ಹಾರಿ ರಾಜ ಸತ್ತ. ತಾನೇ ಹಾರಿಸಿಕೊಂಡ ಅಂತ ಟೇಲರ್ ಬರೆದಿಟ್ಟ, ಸುರಪುರದಲ್ಲಿ ಬೇರೆ ಮಾತೂ ಇದೆ. ಹೊತ್ತು ಮುಳುಗುವಾಗ ಆ ಮಂಜಿಲಿನ ಕಟ್ಟೆಯ ಮೇಲೆ ಕೂತು ಊರಿನ ಹಿರಿಯರ ಬಾಯಿಂದ ಇದನ್ನು ಕೇಳಬೇಕು. ಹೇಳುವವರು ಹೇಳುತ್ತ ಹೇಳುತ್ತ “ನಮ್ಮ ದೊರಿ” ಅನ್ನುತ್ತಾರೆ, 1858 ನಿನ್ನೆ ಮೊನ್ನೆಯಾದ ಹಾಗೆ. ಇದನ್ನು ಯಾವ ಪ್ಯಾಕೇಜಿಗೆ ಸೇರಿಸುತ್ತೀರಿ?

ಪಕ್ಕದ ವಾಗಣಗೇರಾ ಇನ್ನೂ ಹಳೆಯ ಸಂಗತಿ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಆ ಕೋಟೆಯದು. ದಿಲ್ಲಿಯ ಬಾದಶಹ, 86ರ ಮುದುಕ, ಬೇಡ ನಾಯಕರ ಒಂದು ಮಣ್ಣು-ಕಲ್ಲಿನ ಕೋಟೆಯ ಮುಂದೆ ಹೆಚ್ಚುಕಡಿಮೆ ಮೂರು ತಿಂಗಳು ಕೂತ. ಕೋಟೆ ಸಿಕ್ಕಿತು, ಒಳಗಿದ್ದ ನಾಯಕ ಸಿಗಲಿಲ್ಲ, ರಾತ್ರೋರಾತ್ರಿ ದಾಟಿಕೊಂಡಿದ್ದ. ಬಾದಶಹ ಕೃಷ್ಣಾ ಕಡೆಯ ದೇವಾಪುರದಲ್ಲಿ ಬೀಡುಬಿಟ್ಟು, ಕಾಯಿಲೆ ಬಿದ್ದು, ತಿಂಗಳುಗಟ್ಟಲೆ ನರಳಿ, ಅಹಮದನಗರದ ದಾರಿ ಹಿಡಿದ. ಎರಡು ವರ್ಷಕ್ಕೆ ತೀರಿಕೊಂಡ. ಒಂದು ಸಾಮ್ರಾಜ್ಯದ ಉಸಿರು ಕಟ್ಟಿದ ಜಾಗ ನಮ್ಮ ತಾಲೂಕಿನಲ್ಲಿದೆ. ಆದರೆ ಸುರಪುರದವರಿಗೆ ದೇವಾಪುರ ಅಂದ ಕೂಡಲೇ ನೆನಪಾಗುವವನು ಜೈಮಿನಿ ಭಾರತದ ಲಕ್ಷ್ಮೀಶ. ಅವನು ಕಡೂರಿನ ದೇವನೂರಿನವನು ಅಂತ ಆ ಕಡೆಯವರ ಪಟ್ಟು. ಜಗಳ ಹರಿದಿಲ್ಲ. ಹರಿಯದಿರಲಿ, ಚಹಾದಂಗಡಿಗೆ ಒಳ್ಳೆಯ ವಿಷಯ.

ಅಲ್ಲಿಂದ ಹುಣಸಗಿಗೆ. ಅಲ್ಲಿನ ಹಳ್ಳದ ಕಣಿವೆಗಳಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಟ್ಟಲೆ ನಡೆದಾಡಿದರು. ಇಸಾಂಪುರದಲ್ಲಿ ಅವರು ಅಗೆದದ್ದು ಆದಿಮಾನವರ ಕಲ್ಲಿನ ಗಣಿ. ಸುಣ್ಣಕಲ್ಲಿನ ಹಾಸು ಬಿರುಕು ಬಿಟ್ಟಲ್ಲಿ ಮೀಟಿ ಎಬ್ಬಿಸಿ, ಕುಟ್ಟಿ ಕೊಡಲಿ ಮಾಡಿಕೊಂಡ ಜಾಗ. ಸುಮಾರು 12 ಲಕ್ಷ ವರ್ಷದಷ್ಟು ಹಳೆಯದು ಅಂತ ಕಾಲಮಾನ ಪರೀಕ್ಷೆ ಹೇಳಿತು. ಆಗ ನಮ್ಮಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ. ಇಂಥ ಹೊಲದ ಪಕ್ಕ ನಿಂತು ‘ಇಲ್ಲಿ ಏನೂ ಇಲ್ಲ’ ಅನ್ನುವುದಕ್ಕೆ ಧೈರ್ಯ ಬೇಕು.

ಇಷ್ಟು ಹೇಳಿದರೆ ಎದುರು ಮಾತು ಸಿದ್ಧವಾಗಿರುತ್ತದೆ. “ಎಲ್ಲಾ ಖರೆ ಅದರಿ ಸರ, ಆದ್ರ ಸೌಕರ್ಯ ಎಲ್ಲಿ ಅದ?” ಈ ಮಾತಿಗೆ ತೂಕವಿದೆ. ವಿಭೂತಿಹಳ್ಳಿಯ ಬಯಲಿನಲ್ಲಿ ಹೆಣ್ಣುಮಕ್ಕಳು ಎರಡು ತಾಸು ಇರುವುದು ಕಷ್ಟ, ಮರೆ ಎಂಬುದೇ ಇಲ್ಲ. ನೆರಳಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನೆಂಟರಿಗೂ ಬರಬೇಡಿ ಅಂತ ನಾವೇ ಹೇಳುತ್ತೇವೆ. ವಾಗಣಗೇರಾದಲ್ಲಿ ಕತ್ತಲಾದ ಮೇಲೆ ಬಸ್ಸಿಗೆ ಕಾಯುವುದು ಅಂದರೆ ಧ್ಯಾನ. ಇವೆಲ್ಲ ದೂರುಗಳು ನಿಜ. ಆದರೆ ಒಂದು ಪ್ರಶ್ನೆ: ಸೌಕರ್ಯ ಇಲ್ಲ ಅನ್ನುವುದೂ ನೋಡಲು ಏನೂ ಇಲ್ಲ ಅನ್ನುವುದೂ ಒಂದೇನು? ಮೊದಲನೆಯದು ದೂರು, ಅದಕ್ಕೆ ಪರಿಹಾರ ಉಂಟು. ಎರಡನೆಯದು ತೀರ್ಪು, ಅದು ಒಮ್ಮೆ ಬಿದ್ದರೆ ಯಾರೂ ದೂರು ಕೊಡುವ ಗೋಜಿಗೂ ಹೋಗುವುದಿಲ್ಲ. ನಮ್ಮಲ್ಲಿ ಆದದ್ದು ಅದೇ.

ಪರಿಹಾರದ ಹೆಸರಿನಲ್ಲಿ ಬರುವ ಮಾತುಗಳೂ ಅಷ್ಟೇ ವಿಚಿತ್ರ. 2023ರ ಜನವರಿಯಲ್ಲಿ ವಾರಾಣಸಿಯಿಂದ ಗಂಗಾ ವಿಲಾಸ್ ಅನ್ನುವ ಹಡಗು ಹೊರಟಿತು. ದಿಬ್ರುಗಢದವರೆಗೆ 51 ದಿನ, 3,200 ಕಿಲೋಮೀಟರ್. ಆ ದಿನಗಳಲ್ಲಿ ನಮ್ಮ ಚಹಾದಂಗಡಿಗಳಲ್ಲೂ ಹಡಗಿನದೇ ಸುದ್ದಿ. “ನಾರಾಯಣಪುರ ಹಿನ್ನೀರಿನಾಗೂ ಒಂದು ಬಿಟ್ಟರ ಹೆಂಗ? ನಮ್ಮೂರೂ ಮುಂದ ಬರ್ತದ.” ನಾರಾಯಣಪುರದ ಬಸವಸಾಗರ ಅಣೆಕಟ್ಟು ಹತ್ತು ಕಿಲೋಮೀಟರಿಗೂ ಉದ್ದ, ನೀರಿಗೆ ಕೊರತೆಯಿಲ್ಲ. ಬಿಡಲಿ, ದೋಣಿಯ ಮೇಲೆ ನನಗೆ ಹಗೆತನವಿಲ್ಲ. ಆದರೆ ಹಿನ್ನೀರಿನ ಮೇಲೆ ತೇಲುವವನಿಗೆ ಕಾಣುವುದು ಎಲ್ಲ ಹಿನ್ನೀರಿನಂತೆ ಇನ್ನೊಂದು ಹಿನ್ನೀರು. ಅಣೆಕಟ್ಟಿನ ಕೆಳಗೆ ಛಾಯಾ ಭಗವತಿಯ ಗುಡಿಯ ಹತ್ತಿರ ಹೊಳೆ ಬಂಡೆ ಸೀಳಿಕೊಂಡು ಇಳಿಯುವುದು ಕಾಣುವುದಿಲ್ಲ. ಜಲದುರ್ಗದ ಆಸುಪಾಸಿನಲ್ಲಿ ಕೆಲವೇ ಮೈಲಿಗಳೊಳಗೆ ಕೃಷ್ಣೆ 400 ಅಡಿಯಷ್ಟು ಕೆಳಗಿಳಿಯುತ್ತಾಳೆ ಅಂತ ಹಳೆಯ ಗ್ಯಾಸೆಟಿಯರುಗಳು ಬರೆದಿವೆ. ಇದು ಹಡಗಿಗೆ ಒಗ್ಗುವ ಹೊಳೆಯಲ್ಲ. ಒಗ್ಗಬೇಕಾಗಿಯೂ ಇಲ್ಲ. ಹಡಗು ಹೆಚ್ಚಾಗಿ ತತ್ತರಿಸಿದ ವೆನಿಸ್ ನಗರ 2021ರ ಆಗಸ್ಟಿನಿಂದ ದೊಡ್ಡ ಕ್ರೂಸ್ ಹಡಗುಗಳನ್ನು ತನ್ನ ಜುದೆಕಾ ಕಾಲುವೆಯಿಂದ ಹೊರಗಿಟ್ಟಿತು. ಅವರು ಬಿಡಿಸಿಕೊಂಡದ್ದನ್ನು ನಾವು ಬೇಡಿಕೊಳ್ಳುತ್ತಿದ್ದೇವೆ.

ಇನ್ನೊಂದು ಪರಿಹಾರ ಸೆಲ್ಫಿ ಪಾಯಿಂಟ್. ಶಹಾಪುರದ ಹತ್ತಿರ ಭೀಮರಾಯನಗುಡಿಯ ರಸ್ತೆಯಿಂದ ನೋಡಿದರೆ ನಾಲ್ಕು ಗುಡ್ಡ ಕೂಡಿಕೊಂಡು ಅಂಗಾತ ಮಲಗಿದ ಬುದ್ಧನ ಆಕಾರ ಕಾಣುತ್ತದೆ. ಒಂದು ಸಲ ಆಟೋದವನೊಬ್ಬ ಗಾಡಿ ನಿಲ್ಲಿಸಿ ನನ್ನ ಭುಜ ಹಿಡಿದು ಅರ್ಧ ಹೆಜ್ಜೆ ಎಡಕ್ಕೆ ಸರಿಸಿದ. “ಇಲ್ಲಿ ನಿಂದರ್ರಿ. ಈಗ ನೋಡ್ರಿ. ಅದು ಹಣಿ. ಅದು ಮೂಗು, ಆ ಸಣ್ಣ ಬಂಡಿ ಅದಲಾ, ಅದು ತುಟಿ. ಕಂಡ್ತೇನ್ರಿ?” ಕಂಡಿತು. ಮುಂದೆ ಹೋದರೆ ಮುಖ ಕಲೆಸಿ ಹೋಗುತ್ತದೆ, ಮತ್ತೆ ಬರೀ ಗುಡ್ಡ. ಆ ಬುದ್ಧ ಗುಡ್ಡದಲ್ಲಿ ಎಷ್ಟಿದ್ದಾನೋ ಆ ಆಟೋದವನ ಬೆರಳಿನಲ್ಲೂ ಅಷ್ಟೇ ಇದ್ದಾನೆ. ಅಲ್ಲಿ ಕಾಂಕ್ರೀಟಿನ ಕಮಾನು ಕಟ್ಟಿ ‘ಐ ಲವ್’ ಅಂತ ಕೆಂಪು ಅಕ್ಷರ ನಿಲ್ಲಿಸಿದರೆ ಕಮಾನಿನ ಫೋಟೋ ಬರುತ್ತದೆ. ನಮಗೆ ಬೇಕಾದದ್ದು ತೋರಿಸುವ ಬೆರಳು. ಜಾಗ ಬಲ್ಲ ಹತ್ತು ಹುಡುಗರಿಗೆ ದಿನಗೂಲಿ ಕೊಟ್ಟು ನಿಲ್ಲಿಸಲು ಕಮಾನಿನಷ್ಟು ಖರ್ಚು ಬರುವುದಿಲ್ಲ. ಆದರೆ ಮನುಷ್ಯನನ್ನು ಉದ್ಘಾಟನೆ ಮಾಡಲಿಕ್ಕೆ ಬರುವುದಿಲ್ಲ, ಅದೇ ತೊಡಕು.

ತೋರಿಸುವವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಭೀಮೆಯ ಆಚೆಯ ಸನ್ನತಿ ಸಾಕು. ಅಲ್ಲಿನ ಗುಡಿಯ ದೇವಿ ಚಂದ್ರಲಾಂಬೆಗೆ ಕೈಮುಗಿಯಲು ಜನ ತಲೆಮಾರುಗಳಿಂದ ಹೋಗುತ್ತಿದ್ದರು. 1986ರಲ್ಲಿ ಆ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯನ್ನು ಸರಿಸಿ ನೋಡಿದರೆ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ! ಮೂರ್ತಿ ಕೂಡಿಸಲು ನಡುವೆ ತೂತು ಕೊರೆದಿದ್ದರು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಅಗೆದಾಗ ‘ರಾಯೋ ಅಸೋಕೋ’ ಅಂತ ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿತು. ಪಠ್ಯಪುಸ್ತಕದಲ್ಲಿ ಅಶೋಕನನ್ನು ಓದಿದ ನಮ್ಮ ಮಕ್ಕಳು ಸನ್ನತಿಗೆ ಹೋದರೆ ಕಾಯಿ ಒಡೆಸಿಕೊಂಡು ಬರುತ್ತಾರೆ. ಬರಲಿ, ದೇವಿಯೂ ಬೇಕು. ಆದರೆ ಅಲ್ಲೇ ಒಂದಿಷ್ಟು ದೂರಕ್ಕೆ ರಾಜ ನಿಂತಿದ್ದಾನೆ ಅಂತ ಹೇಳುವ ಮೇಷ್ಟರು ಎಷ್ಟು ಮಂದಿ?

ಹೊಳೆಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ನೀರಿನ ಮೇಲಿನ ಪಯಣ ನಮಗೆ ಹೊಸದಲ್ಲ. ಸೇತುವೆಗಳು ಬರುವ ಮುಂಚೆ ಕೃಷ್ಣೆ, ಭೀಮೆ ಎರಡನ್ನೂ ಅರಿಗೋಲಿನಲ್ಲಿ ದಾಟುತ್ತಿದ್ದೆವು. ಬಿದಿರಿನ ಬುಟ್ಟಿ, ಹೊರಗೆ ಚರ್ಮದ ಹೊದಿಕೆ, ಒಳಗೆ ಜನ, ಆಡು, ಸಂತೆಯ ಚೀಲ. ನಡು ಹೊಳೆಯಲ್ಲಿ ಅದು ಗಿರಕಿ ಹೊಡೆದರೆ ಅಂಬಿಗನ ಮುಖ ನೋಡಿಯೇ ಧೈರ್ಯ ತಗೊಳ್ಳಬೇಕಿತ್ತು. ಹಂಪಿಯಲ್ಲಿ ಈಗ ಅದೇ ಗಿರಕಿಗೆ ಟಿಕೆಟ್ ಇದೆ. ಇಲ್ಲಿ ನೀಲಕಂಠರಾಯನ ಗಡ್ಡಿ ಅಂತ ಕೃಷ್ಣೆಯ ನಡುವೆ ಒಂದು ಹಳ್ಳಿ. 2013ರ ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುತ್ತಿದ್ದಾಗ ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜಿ ಈ ದಂಡೆಗೆ ಬಂದಳು. ಹೆರಿಗೆಗೆ ಆಸ್ಪತ್ರೆ ಈ ಕಡೆ ಇತ್ತು, ಅಷ್ಟೇ ಕಾರಣ. ಪತ್ರಿಕೆಗಳಲ್ಲಿ ನಾಲ್ಕು ದಿನ ಸುದ್ದಿಯಾಯಿತು. ಹಿನ್ನೀರಿಗೆ ಹಡಗು ಕೇಳುವವರು ಆ ಹೊಳೆಯನ್ನು ಮೊದಲು ಅವಳ ಕಣ್ಣಿನಿಂದ ನೋಡಲಿ.

ಇಲ್ಲಿಂದ ಹೊರಡುವ ಇನ್ನೊಂದು ಪಯಣವೂ ಉಂಟು. ಸುಗ್ಗಿ ಮುಗಿದ ಮೇಲೆ ಸಂಜೆ ಹೊತ್ತು ಸುರಪುರದ ಬಸ್ ನಿಲ್ದಾಣದಲ್ಲಿ ನಿಂತರೆ ಕಾಣುತ್ತದೆ: ಸಕ್ಕರೆ ಚೀಲದಲ್ಲಿ ಕಟ್ಟಿದ ಪಾತ್ರೆ, ಬುತ್ತಿ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಡೆಯ ಮೇಲೆ ನಿದ್ದೆಹೋದ ಕೂಸು. ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತವರು ಇವರು. ಅದೇ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ ಕೂತು ನಮ್ಮ ಹುಡುಗ ಕೇಳುತ್ತಾನೆ, ಅಲ್ಲಿ ನೋಡಾಕ ಏನದ ಅಂತ. ಊರು ಬಿಟ್ಟವರಲ್ಲಿ ಎರಡು ಥರ. ಗುಳೆ ಹೋದವನು ಮೈಲಾಪುರ ಮಲ್ಲಯ್ಯನ ಜಾತ್ರೆಗೆ, ಸಂಕ್ರಾಂತಿಗೆ, ಕೂಲಿ ಬಿಟ್ಟಾದರೂ ಬಂದು ಭಂಡಾರ ಎರಚಿ ಹೋಗುತ್ತಾನೆ. ತಿಂಥಣಿ ಮೌನೇಶ್ವರನಿಗೆ ಹಿಂದೂ ಮುಸ್ಲಿಂ ಎನ್ನದೆ ಹರಕೆ ಒಪ್ಪಿಸುತ್ತಾನೆ. ಅವನ ಪಟ್ಟಿಯಲ್ಲಿ ಊರಿದೆ. ಓದಿ ಹೋದವನ ಪಟ್ಟಿಯಿಂದ ಊರು ಬಿದ್ದುಹೋಗಿದೆ. ಸಿಟ್ಟು ಬರುವುದು ಇಲ್ಲಿಗೇ.

ಬೋನಾಳ ಕೆರೆಯ ವಿಷಯ ಬಿಟ್ಟೇ ಬಿಡುತ್ತಿದ್ದೆ. ಸುರಪುರ ನಾಯಕರ ಕಾಲದ ಕೆರೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಬಾತುಗಳು ಬರುತ್ತವೆ, ಹಿಮಾಲಯದ ಆಚೆಯಿಂದ, ಪರ್ವತದ ಮೇಲೆ ಹಾರಿ. ಅಷ್ಟು ದೂರದಿಂದ ಹೊರಟವುಗಳಿಗೆ ದಾರಿಯಲ್ಲಿ ಎಂಥೆಂಥ ಕೆರೆ ಸಿಗುವುದಿಲ್ಲ? ಅವು ಯಾರ ಪಟ್ಟಿ ನೋಡಿ ಬೋನಾಳದಲ್ಲಿ ಇಳಿಯುತ್ತವೋ.

ಮೊನ್ನೆ ಮತ್ತೆ ಫೋನು ಬಂತು. ಹಡಗಿನ ಖರ್ಚಿನ ಕಂತು ಇನ್ನೂ ತೀರಿಲ್ಲವಂತೆ. ಮಾತು ಮುಗಿಸುವಾಗ ಮೆಲ್ಲಗೆ ಕೇಳಿದ, “ಕಾಕಾ, ನಮ್ಮ ಹುಡುಗಿಗಿ ಸಾಲ್ಯಾಗ ಶಿಲಾಯುಗ ಅಂತ ಪಾಠ ಅದ. ನೀವು ಅದೇನೋ ಕಲ್ಲಿನ ಸಾಲು ಅಂತಿದ್ರಲಾ. ಒಂದು ದಿನದಾಗ ಮುಗೀತದೇನ್ರಿ?”

“ಮುಗಿಯಂಗಿಲ್ಲ” ಅಂದೆ. “ದೀಪಾವಳಿ ಆದ ಮ್ಯಾಲ ಬಾ. ನಾಲ್ಕು ದಿನ ರಜಾ ಹಾಕು. ಮೊದಲನೇ ದಿನ ಎಲ್ಲಿಗೂ ಹೋಗೂದಿಲ್ಲ, ಮನ್ಯಾಗ ಪುಂಡಿಪಲ್ಯ ರೊಟ್ಟಿ ಉಂಡು ಮಲಗೂದು. ಮರುದಿನ ನಸುಕಿನಾಗ ಎದ್ದು ವಿಭೂತಿಹಳ್ಳಿ. ಮತ್ತ ಆ ಬಿಳಿ ಬೂಟು ತರಬ್ಯಾಡ. ಎರಿ ಹೊಲ ಅವ, ಮಳಿ ಆಗಿದ್ರ ಬಿಡೂದಿಲ್ಲ ಅವು.”